ಮುಕ್ಕಾಲು ಮಗ್ಗಿಯಿಂದ ಇಂಗ್ಲಿಷ್ ಲೆಕ್ಕಕ್ಕೆ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಸರ್ಕಾರ ಅಲ್ ಜಾಹಿಯಾ ಎಂದು ಹೆಸರಿಟ್ಟಿದ್ದರೂ ಹಳಬರ ಬಾಯಲ್ಲಿ ಹಳೆಯ ಹೆಸರೇ ಓಡಾಡುತ್ತದೆ. ಇಲ್ಲಿನ ಫ್ಲಾಟುಗಳಲ್ಲಿ ಬೆಳೆಯುವ ಕನ್ನಡದ ಮಕ್ಕಳು ಗಣಿತ, ವಿಜ್ಞಾನ ಕಲಿಯುವುದು ಇಂಗ್ಲಿಷಿನಲ್ಲಿ. ಪರದೇಶದಲ್ಲಿ ಅದು ಸಹಜ. ಸೋಜಿಗವಿರುವುದು ಅರಬ್ ಮಕ್ಕಳ ಕಥೆಯಲ್ಲಿ.

2010ರಲ್ಲಿ ಅಬುಧಾಬಿ ಶಿಕ್ಷಣ ಮಂಡಳಿ ಸರ್ಕಾರಿ ಶಾಲೆಗಳಿಗೆ ಹೊಸ ಮಾದರಿ ತಂದಿತು. ಚಿಕ್ಕ ತರಗತಿಗಳಿಂದಲೇ ಗಣಿತ, ವಿಜ್ಞಾನ ಇಂಗ್ಲಿಷಿಗೆ ಹೊರಳಿದವು. ಪಾಠಕ್ಕೆ ವಿದೇಶಗಳಿಂದ ಶಿಕ್ಷಕರು ಬಂದರು. ಬೀಜಗಣಿತಕ್ಕೆ ಬುನಾದಿ ಹಾಕಿದ ಅಲ್ ಖ್ವಾರಿಜ್ಮಿ 9ನೇ ಶತಮಾನದ ಬಾಗ್ದಾದಿನಲ್ಲಿ ಬರೆದದ್ದು ಅರಬ್ಬಿಯಲ್ಲೇ. ಹಾಗಾಗಿ ಭಾಷೆಗೆ ಶಕ್ತಿ ಸಾಲದು ಎನ್ನುವಂತಿಲ್ಲ. ಕಾರಣ ಬೇರೆಯೇ ಇತ್ತು: ಅಲ್ಲಿನ ವಿಶ್ವವಿದ್ಯಾಲಯಗಳು ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಡಿಗ್ರಿಗೆ ಮೊದಲು ಇಂಗ್ಲಿಷ್ ಕಲಿಯಲೆಂದೇ ವಿದ್ಯಾರ್ಥಿಗಳು ಹೆಚ್ಚುವರಿ ಕಾಲ ಕಳೆಯಬೇಕಿತ್ತು. ಮೇಲಿನ ಒತ್ತಡ ಕೆಳಗಿಳಿದು ಒಂದನೇ ತರಗತಿಯ ಬೆಂಚಿಗೆ ಬಂದು ಕೂತಿತು.

ಕನ್ನಡದ ಲೆಕ್ಕಕ್ಕೂ ದೊಡ್ಡ ಚರಿತ್ರೆಯಿದೆ. 12ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಮುಂದೆ ಊರಿನ ಹಳೆಯ ಶಾಲೆಗಳಾದ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಂಕಿ ತಿದ್ದಿದರು, ಒಕ್ಕೊರಲಿನಿಂದ ಮಗ್ಗಿ ಹೇಳಿದರು. ಆ ಮಗ್ಗಿ ಹತ್ತಿಪ್ಪತ್ತಕ್ಕೆ ಮುಗಿಯುತ್ತಿರಲಿಲ್ಲ. ಕಾಲು, ಅರೆ, ಮುಕ್ಕಾಲರ ಮಗ್ಗಿಗಳೂ ಇದ್ದವು. ಸೇರು ಬೆಲ್ಲಕ್ಕೆ ಆರಾಣೆಯಾದರೆ ಮುಕ್ಕಾಲು ಸೇರಿಗೆಷ್ಟು? 'ಆರು ಮುಕ್ಕಾಲು ನಾಲ್ಕೂವರೆ' ಎಂದು ಬಾಯಿ ತಾನಾಗಿ ನುಡಿಯುತ್ತಿತ್ತು, ಬಳಪ ಮುಟ್ಟಬೇಕಿರಲಿಲ್ಲ. ಬೆತ್ತದ ಭಯವೂ ಜೊತೆಗಿತ್ತೆನ್ನಿ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು, ಹದಿನಾರಾಣೆಯ ರೂಪಾಯಿ ಹೋಯಿತು. ಭಿನ್ನರಾಶಿಯ ಮಗ್ಗಿಗೆ ಅಂಗಡಿಯಲ್ಲಿ ಕೆಲಸ ಕಡಿಮೆಯಾಯಿತು.

ವಿಜ್ಞಾನ ಬಂದದ್ದು ತಡವಾಗಿ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಮಾಸಪತ್ರಿಕೆ ತಂದರು. ಎರಡೇ ವರ್ಷ ನಡೆದರೂ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಕನ್ನಡದಲ್ಲಿ ಹೇಳಬಹುದೆಂದು ಅದು ತೋರಿಸಿಕೊಟ್ಟಿತು.

ಶಾಲೆಯ ಜಗಳ ಬೇರೆಯದು. ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶಿಸಿತು. ಆಯ್ಕೆ ಪೋಷಕರದ್ದು, ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ತೀರ್ಪಿತ್ತಿತು. ಐದೇ ವರ್ಷಗಳಲ್ಲಿ, 2019ರಲ್ಲಿ, ಅದೇ ಸರ್ಕಾರ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಅಬುಧಾಬಿಯಲ್ಲಿ ದಾರಿ ತೋರಿದ್ದು ವಿಶ್ವವಿದ್ಯಾಲಯ. ಕರ್ನಾಟಕದಲ್ಲಿ, ಮಕ್ಕಳನ್ನು ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಿದ್ದ ಅಪ್ಪ ಅಮ್ಮಂದಿರು.