ತಗ್ಗಿದ ಹ್ಯಾಂಡಲಿನ ಕಥೆ: ಯಾದವಗಿರಿಯಿಂದ ಸದರ್ನ್ ಅವೆನ್ಯೂವರೆಗೆ

ನಮ್ಮ ಸಂಘದ ಬಂಧುಗಳಲ್ಲಿ ಸದರ್ನ್ ಅವೆನ್ಯೂವನ್ನು ಕಾಣದವರು ಇರಲಾರರು. ಒಂದು ತುದಿಗೆ ಗೋಲ್ ಪಾರ್ಕು, ದಕ್ಷಿಣದ ಮಗ್ಗುಲಿಗೆ ಕೆರೆ, ಉದ್ದಕ್ಕೂ ಮರಗಳ ನೆರಳು. ಹತ್ತಿರದಲ್ಲೇ ಲೇಕ್ ಮಾರ್ಕೆಟ್ಟು. ಅಲ್ಲಿ ನಮ್ಮ ಮನೆಗಳಿಗೆ ಬೇಕಾದ ಕರಿಬೇವು, ತೆಂಗಿನಕಾಯಿ, ಬಾಳೆಯೆಲೆಗಳು ಸಿಕ್ಕುವುದರಿಂದಲೇ ದಕ್ಷಿಣದವರಾದ ನಾವು ಈ ಕಡೆ ಬೇರೂರಿದೆವೆಂದರೂ ತಪ್ಪಿಲ್ಲ. 1920ರ ದಶಕದಲ್ಲಿ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟಿನವರು ಜೌಗು ನೆಲವನ್ನು ಅಗೆಸಿ ಈ ಕೆರೆಯನ್ನು ಮಾಡಿಸಿದರು. 1958ರಲ್ಲಿ ಅದಕ್ಕೆ ರವೀಂದ್ರ ಸರೋವರವೆಂದು ಹೆಸರಾಯಿತು. ರಸ್ತೆಗೂ ದಾಖಲೆಯಲ್ಲಿ ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಹೆಸರಿದೆ. ಬಾಯಿಮಾತಿನಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ಈ ರಸ್ತೆಯಲ್ಲಿ ಸಂಜೆಯ ಹೊತ್ತು ನಡೆದಾಡುವ ಹಿರಿಯರಿಗೆ ಒಂದು ದೂರು ಇದ್ದೇ ಇದೆ. ಹುಡುಗರು ಮೋಟಾರ್ ಸೈಕಲ್ಲಿನ ಹ್ಯಾಂಡಲನ್ನು ತಗ್ಗಿಸಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಎದೆಯೂರಿ, ತಲೆ ಬಗ್ಗಿಸಿಕೊಂಡು ಹಾಯುತ್ತಾರೆ. “ಇವರೇನು ಬೈಕನ್ನು ಓಡಿಸುತ್ತಾರೋ, ಅದರ ಮೇಲೆ ಮಲಗುತ್ತಾರೋ!” ಎಂದು ನಾವೂ ಅಂದವರೇ. ಆದರೆ ಆ ತಗ್ಗಿದ ಹ್ಯಾಂಡಲು ನಮ್ಮ ಮನೆಯೊಳಗೇ ಬಂದು, ಮನೆಯ ಹುಡುಗನೊಬ್ಬನ ಕೈ ಮುರಿದ ಮೇಲೆ, ಈ ಪದ್ಧತಿ ಎಲ್ಲಿಂದ ಬಂತು, ಏಕೆ ಬಂತು ಎಂದು ವಿಚಾರಿಸುವುದು ನಮಗೆ ಅನಿವಾರ್ಯವಾಯಿತು. ವಿಚಾರಿಸುತ್ತ ಹೋದಂತೆ ದಾರಿ ನಮ್ಮ ಮೈಸೂರಿಗೇ ಹೋಗಿ ಮುಟ್ಟಿದುದರಿಂದ, ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಅದನ್ನು ವಾಚಕರ ಮುಂದೆ ಇಡುವುದು ಅನುಚಿತವಲ್ಲವೆಂದು ಭಾವಿಸಿದ್ದೇವೆ.

ಮೊದಲು ಕಾರಣವನ್ನು ನೋಡೋಣ. ಕಾಲವೈಶಾಖಿಯ ಗಾಳಿಗೆ ಎದುರಾಗಿ ಕೊಡೆ ಹಿಡಿದು ನಡೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗಾಳಿಗೆ ಒಡ್ಡಿದ ಮೈ ಎಷ್ಟು ಅಗಲವೋ ಅದರ ತಡೆಯೂ ಅಷ್ಟು ಹೆಚ್ಚು. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ; ಆ ತಡೆಯನ್ನು ಗೆಲ್ಲಲು ಎಂಜಿನ್ನಿಗೆ ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದು ದುಬಾರಿಯ ಕೆಲಸ, ಬೆನ್ನು ಬಗ್ಗಿಸುವುದಕ್ಕೆ ಖರ್ಚಿಲ್ಲ. ಆದ್ದರಿಂದ ಓಟದ ಸವಾರರು ಮೊದಲಿನಿಂದಲೂ ಬೆನ್ನು ಬಗ್ಗಿಸುತ್ತ ಬಂದರು. ಬಗ್ಗಿದ ಬೆನ್ನಿಗೆ ಕೈ ಎಟಕುವಂತೆ ಹ್ಯಾಂಡಲನ್ನು ತಗ್ಗಿಸಿದರು. 1948ರ ಸೆಪ್ಟೆಂಬರ್ 13ರಂದು ಅಮೆರಿಕದ ಬಾನವಿಲ್ ಎಂಬ ಉಪ್ಪಿನ ಬಯಲಿನಲ್ಲಿ ರಾಲಿ ಫ್ರೀ ಎಂಬಾತ ಈಜುವ ಚಡ್ಡಿಯನ್ನು ತೊಟ್ಟು, ವಿನ್ಸೆಂಟ್ ಬೈಕಿನ ಮೇಲೆ ಕಾಲುಗಳನ್ನು ಹಿಂದಕ್ಕೆ ಚಾಚಿ ಅಂಗಾತವಲ್ಲದೆ ಬೋರಲಾಗಿ ಮಲಗಿ, ಗಂಟೆಗೆ 150 ಮೈಲಿಯನ್ನು ಮೀರಿದನು. ನಮ್ಮ ಹಿರಿಯರು ಹಾಸ್ಯಕ್ಕೆ ಅನ್ನುವ ಮಾತನ್ನು ಆತ ನಿಜವಾಗಿಯೇ ಮಾಡಿ ತೋರಿಸಿದ್ದನು.

ಓಟದ ಕಣದಿಂದ ಈ ಭಂಗಿ ಬೀದಿಗೆ ಇಳಿದದ್ದು ಮುಖ್ಯವಾಗಿ ಇಂಗ್ಲೆಂಡಿನಲ್ಲಿ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ 1938ರಲ್ಲಿ ಲಾರಿ ಚಾಲಕರಿಗಾಗಿ ತೆರೆದ ಏಸ್ ಕೆಫೆ ಎಂಬ ಉಪಾಹಾರ ಗೃಹವಿತ್ತು. ಯುದ್ಧದಲ್ಲಿ ಬಾಂಬಿಗೆ ಸಿಕ್ಕಿ, 1949ರಲ್ಲಿ ಮರಳಿ ಎದ್ದಿತು. 1950ರ ದಶಕದಲ್ಲಿ ಕೈಯಲ್ಲಿ ನಾಲ್ಕು ಕಾಸು ಕಂಡ ದುಡಿಯುವ ವರ್ಗದ ಹುಡುಗರು ಅಲ್ಲಿ ಚಹ ಕುಡಿಯುತ್ತ, ನೂರು ಮೈಲಿಯ ವೇಗವನ್ನು ಮುಟ್ಟುವ ಪಂತ ಕಟ್ಟುತ್ತಿದ್ದರು. ಓಟದ ಬೈಕು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಇದ್ದ ಬೈಕಿನ ಉದ್ದನೆಯ ಹ್ಯಾಂಡಲನ್ನು ತೆಗೆದು, ಮುಂದಿನ ಫೋರ್ಕಿನ ಎರಡು ಕೊಳವೆಗಳಿಗೇ ಒಂದೊಂದು ಮೋಟು ಹಿಡಿಯನ್ನು ಬಿಗಿಸಿದರು. ಇದಕ್ಕೆ ಕ್ಲಿಪ್-ಆನ್ ಎಂದು ಹೆಸರು. ಅದೂ ಕೊಳ್ಳಲಾಗದವರು ಹಳೆಯ ಹ್ಯಾಂಡಲನ್ನೇ ಬುಡಮೇಲು ಮಾಡಿ ಹಾಕಿಕೊಂಡರು. ಇಂಥ ಬೈಕುಗಳಿಗೆ ಕೆಫೆ ರೇಸರ್ ಎಂಬ ಹೆಸರು ನಿಂತಿತು. ಆ ಕೆಫೆ 1969ರಲ್ಲಿ ಮುಚ್ಚಿ, 2001ರಲ್ಲಿ ಪುನಃ ತೆರೆಯಿತು.

ಇನ್ನು ನಮ್ಮ ನಾಡಿಗೆ ಬರೋಣ. 1929ರಲ್ಲಿ ಚೆಕೊಸ್ಲೊವಾಕಿಯದಲ್ಲಿ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕಿನ ಹಕ್ಕನ್ನು ಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಜಾವಾ ಎಂದು ಹೆಸರಿಟ್ಟನು. ಆ ಜಾವಾ ಮೈಸೂರಿಗೆ ಬಂದುದು ರುಸ್ತುಮ್ ಇರಾನಿ ಮತ್ತು ಫಾರೂಖ್ ಇರಾನಿಯವರ ಸಾಹಸದಿಂದ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಬಂಗಾಳಕ್ಕೆ ಉತ್ತರಪಾಡಾದ ಅಂಬಾಸಡರ್ ಹೇಗೋ ಮೈಸೂರಿಗೆ ಜಾವಾ ಹಾಗೆ. ಗೇರು ಹಾಕುವ ಕಡ್ಡಿಯನ್ನೇ ಹಿಂದಕ್ಕೆ ತಿರುಗಿಸಿ ಒದ್ದರೆ ಎಂಜಿನ್ ಶುರುವಾಗುವ ಆ ಚಮತ್ಕಾರವನ್ನು ನೋಡಲು ಹಳ್ಳಿಯ ಮಕ್ಕಳು ಸುತ್ತ ನೆರೆಯುತ್ತಿದ್ದರು.

1973ರಲ್ಲಿ ನಮ್ಮ ರಾಜ್ಯ ಮೈಸೂರೆಂಬ ಹೆಸರನ್ನು ಬಿಟ್ಟು ಕರ್ನಾಟಕವಾಯಿತು. ಅದೇ ವರ್ಷ ಯಾದವಗಿರಿಯ ಬೈಕೂ ಜಾವಾ ಎಂಬ ಹೆಸರನ್ನು ಬಿಟ್ಟು ಯೆಜ್ಡಿಯಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಆ ಹೆಸರಿನಲ್ಲಿದೆ. ವಲಸೆ ಬಂದ ಮನೆತನವೊಂದು ತನ್ನ ಪೂರ್ವಿಕರ ಊರಿನ ಹೆಸರನ್ನು ಕನ್ನಡ ನೆಲದ ಯಂತ್ರಕ್ಕೆ ಇಟ್ಟಿತೆಂಬುದು, ಕನ್ನಡ ನೆಲವನ್ನು ಬಿಟ್ಟುಬಂದು ಮನೆಗಳಿಗೆ ಕಾವೇರಿ, ತುಂಗಾ ಎಂದು ಹೆಸರಿಡುವ ನಮಗೆ ಬೇಗ ಅರ್ಥವಾಗುವ ಸಂಗತಿ.

1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿ.ಸಿ.ಯ ಒಂದೇ ಸಿಲಿಂಡರು, ಅದಕ್ಕೆ ಎರಡು ಹೊಗೆಕೊಳವೆ, ಸುಮಾರು 16 ಅಶ್ವಶಕ್ತಿ. ಮದರಾಸಿನ ಬಳಿಯ ಶೋಲಾವರಂ ವಿಮಾನಪಟ್ಟಿಯಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಓಟಗಳಲ್ಲಿ ಯೆಜ್ಡಿಗಳು ಗುಡುಗುತ್ತಿದ್ದವು. ಅಲ್ಲಿಗೆ ಹೋಗಿ ನೋಡಿಬಂದ ಮೈಸೂರು ಬೆಂಗಳೂರಿನ ಹುಡುಗರು ಊರಿಗೆ ಮರಳಿದೊಡನೆ ಸ್ಪಾನರು ಕೈಗೆತ್ತಿಕೊಂಡು ಹ್ಯಾಂಡಲು ಬಿಚ್ಚುತ್ತಿದ್ದುದು ಸಹಜವೇ. ಏಸ್ ಕೆಫೆಯ ಹುಡುಗರಿಗಿದ್ದ ಕಾರಣವೇ ಇವರಿಗೂ ಇತ್ತು: ಓಟದ ಬೈಕಿಗೆ ದುಡ್ಡಿರಲಿಲ್ಲ, ಓಟದ ಆಸೆಯಿತ್ತು.

1985ರ ಸುಮಾರಿಗೆ ಜಪಾನೀ ಸಹಯೋಗದ 100 ಸಿ.ಸಿ. ಬೈಕುಗಳು ಬಂದವು. ಕಡಿಮೆ ಪೆಟ್ರೋಲು ಕುಡಿಯುವ ಆ ಹಗುರವಾದ ಬೈಕುಗಳ ಮುಂದೆ ಯೆಜ್ಡಿ ಸೊರಗಿತು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. 2014ರಲ್ಲಿ ಉತ್ತರಪಾಡಾದ ಬಾಗಿಲು ಬಿದ್ದಾಗ ನಮ್ಮ ಬಂಗಾಳಿ ನೆರೆಯವರು ಪಟ್ಟ ಸಂಕಟವನ್ನು ಮೈಸೂರಿನವರು ಹದಿನೆಂಟು ವರ್ಷ ಮೊದಲೇ ಅನುಭವಿಸಿದ್ದರು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಪುನಃ ಮಾರುಕಟ್ಟೆಗೆ ಬಂದುವಾದರೂ, ತಯಾರಾದುದು ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ.

ನಮ್ಮ ತಮ್ಮ 1984ರಲ್ಲಿ ಕೊಂಡ ರೋಡ್‌ಕಿಂಗ್ ಅವನ ವರ್ಗಾವಣೆಯೊಂದಿಗೆ ರೈಲಿನಲ್ಲಿ ಹೌರಾಕ್ಕೆ ಬಂದಿಳಿಯಿತು. ತಮ್ಮ ತೀರಿಕೊಂಡ ಮೇಲೆ ಬಹುಕಾಲ ಮೆಟ್ಟಿಲ ಕೆಳಗೆ ನಿಂತಿತ್ತು. ಮಗ ಪ್ರಾಯಕ್ಕೆ ಬಂದು ಅದನ್ನು ರಿಪೇರಿ ಮಾಡಿಸಿದಾಗ ನಾವೆಲ್ಲರೂ ಸಂತೋಷಪಟ್ಟೆವು. ಮಲ್ಲಿಕ್ ಬಜಾರಿಗೆ ಹೋಗಿ ಒಂದು ಜೊತೆ ಕ್ಲಿಪ್-ಆನ್ ತಂದು ಹಾಕಿಸಿದಾಗ ಮಾತ್ರ ನಮಗೆ ಸಿಟ್ಟು ಬಂತು. “ಅಪ್ಪನ ಗಾಡಿಯ ರೂಪ ಕೆಡಿಸಿದೆಯಲ್ಲೋ” ಎಂದೆವು. “ದೊಡ್ಡಪ್ಪ, ಮೆಟ್ಟಿಲ ಕೆಳಗೆ ತುಕ್ಕು ಹಿಡೀತಿದ್ದಾಗ ಯಾರೂ ಕೇಳಲಿಲ್ಲವಲ್ಲ” ಎಂದನು ಹುಡುಗ. ನಮ್ಮಲ್ಲಿ ಉತ್ತರವಿರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ, ಮಳೆ ನಿಂತ ಒಂದು ಸಂಜೆ, ಸದರ್ನ್ ಅವೆನ್ಯೂವಿನಲ್ಲಿ ಗಾಡಿಯನ್ನು ಹಿಂದಿರುಗಿಸಲು ಅವನು ಹ್ಯಾಂಡಲನ್ನು ಪೂರ್ತಿ ತಿರುಗಿಸಿದನು. ಹೆಬ್ಬೆರಳು ಹಿಡಿಗೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡಿತು. ಆಕ್ಸಿಲರೇಟರಿನ ಕೇಬಲು ಬಿಗಿದು ಎಂಜಿನ್ ಅರಚಿತು. ಗಾಡಿ ಜಾರಿ ಬಿದ್ದಿತು. ಎಡ ಮಣಿಕಟ್ಟಿನ ಮೂಳೆ ಮುರಿಯಿತು. ಹಿಂದೆ ಬಸ್ಸು ಬರದಿದ್ದುದು ನಮ್ಮ ಪುಣ್ಯ.

ತಪ್ಪು ಎಲ್ಲಾಯಿತೆಂದು ಆಮೇಲೆ ಬಲ್ಲವರಿಂದ ತಿಳಿದೆವು. ಹ್ಯಾಂಡಲೊಂದನ್ನೇ ತಗ್ಗಿಸಿದರೆ ಕೆಲಸ ಮುಗಿಯುವುದಿಲ್ಲ. ಕಾಲಿಡುವ ಜಾಗವನ್ನು ಹಿಂದಕ್ಕೆ ಸರಿಸದಿದ್ದರೆ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ವೇಗವಾಗಿ ಹೋಗುವಾಗ ಎದುರುಗಾಳಿಯೇ ಎದೆಯನ್ನು ಎತ್ತಿ ಹಿಡಿದು ಆ ಭಾರವನ್ನು ಹಂಚಿಕೊಳ್ಳುತ್ತದೆ. ಗೋಲ್ ಪಾರ್ಕಿನ ಸಂದಣಿಯಲ್ಲಿ 20 ಕಿಲೋಮೀಟರಿನಲ್ಲಿ ತೆವಳುವಾಗ ಅದು ಹಂಚಿಕೊಳ್ಳುವುದಿಲ್ಲ. ಹಿಡಿ ಮೋಟಾದಷ್ಟೂ ನಿಧಾನದಲ್ಲಿ ತಿರುಗಿಸಲು ಹೆಚ್ಚು ಬಲ ಬೇಕು. ಕೇಬಲುಗಳ ಉದ್ದವನ್ನೂ ಅವು ಹಾಯುವ ದಾರಿಯನ್ನೂ ಹೊಸ ಹಿಡಿಗೆ ತಕ್ಕಂತೆ ಬದಲಿಸಬೇಕು. ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ಬೆರಳಿಗೆ ಜಾಗವಿದೆಯೇ, ಎಂಜಿನ್ನಿನ ಸದ್ದು ತಾನಾಗಿ ಏರುತ್ತದೆಯೇ ಎಂದು ನಿಂತಲ್ಲಿಯೇ ಪರೀಕ್ಷಿಸಬೇಕು. ಎರಡು ನಿಮಿಷದ ಈ ಪರೀಕ್ಷೆಯನ್ನು ಯಾರೂ ಮಾಡಿರಲಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲಾಗದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಾಯಿತು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ತಪಾಸಣೆಯ ಮೇಲೆ ನವೀಕರಿಸಬೇಕಾದುದರಿಂದ, ಹಳೆಯ ಗಾಡಿಯವರಿಗೆ ಈ ಮಾತು ಇನ್ನೂ ಮುಖ್ಯ. ತಗ್ಗಿದ ಹ್ಯಾಂಡಲೇ ಬೇಕೆನ್ನುವವರಿಗೆ ಕಾರ್ಖಾನೆಯಲ್ಲೇ ಹಾಗೆ ತಯಾರಾದ ಬೈಕುಗಳಿವೆ. ಮದರಾಸಿನ ರಾಯಲ್ ಎನ್‌ಫೀಲ್ಡಿನವರು 2013ರಲ್ಲಿ ತಂದ ಕಾಂಟಿನೆಂಟಲ್ ಜಿ.ಟಿ. ಅಂಥದು.

ಇಷ್ಟೆಲ್ಲ ತಿಳಿದುಕೊಂಡು, ಹುಡುಗನಿಗೆ ಬುದ್ಧಿ ಹೇಳಬೇಕೆಂದು ನಾವು ತಮ್ಮನ ಮನೆಗೆ ಹೋದೆವು. ಅವನ ತಾಯಿ ಹಳೆಯ ಹ್ಯಾಂಡಲನ್ನು ಎಸೆದಿರಲಿಲ್ಲ. ಹಳೆಯ ಕನ್ನಡ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಅದರೊಡನೆ ಒಂದು ಆಲ್ಬಮ್ಮನ್ನೂ ಇಳಿಸಿದರು. ಅದರಲ್ಲಿ ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ನಮ್ಮ ತಮ್ಮ ಇದೇ ರೋಡ್‌ಕಿಂಗಿನ ಮೇಲೆ ಕುಳಿತ ಚಿತ್ರ. ಹ್ಯಾಂಡಲು ಬುಡಮೇಲಾಗಿದೆ, ಅವನ ಗಲ್ಲ ಟ್ಯಾಂಕಿಗೆ ತಾಗುವಂತಿದೆ. ನಾವು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆವು.

“ಹೌದು ಭಾವನವರೇ, ಮದುವೆಗೆ ಮುಂಚೆ ಹಾಗೇ ಇತ್ತು” ಎಂದರು ಆಕೆ. “ಅವರು ಹಾಗೆ ಬಗ್ಗಿ ಕೂತ್ರೆ ಹಿಂದೆ ಕೂತ ನನಗೆ ಹಿಡ್ಕೊಳ್ಳೋಕೆ ಏನೂ ಸಿಕ್ತಿರಲಿಲ್ಲ. ಇವನು ಹುಟ್ಟೋ ಹೊತ್ತಿಗೆ ಅವರೇ ಸರಿಯಾಗಿ ತಿರುಗಿಸಿ ಹಾಕಿದ್ರು. ನಾನೇನೂ ಹೇಳಿರಲಿಲ್ಲ.”

ಹುಡುಗ ಆ ಚಿತ್ರವನ್ನು ಅಂದೇ ಮೊದಲ ಸಲ ನೋಡುತ್ತಿದ್ದನು. ತಾನು ಕೆಡಿಸಿದೆನೆಂದು ನಾವು ಹೇಳಿದ್ದ ರೂಪ ತಂದೆಗೂ ಒಂದು ಕಾಲಕ್ಕೆ ಪ್ರಿಯವಾಗಿತ್ತೆಂದು ತಿಳಿದು ಅವನ ಮುಖ ಅರಳಿತು. ನಾವು ತಂದಿದ್ದ ಬುದ್ಧಿಮಾತಿನಲ್ಲಿ ಅರ್ಧವನ್ನು ಅಲ್ಲಿಯೇ ನುಂಗಿಕೊಂಡೆವು. ಉಳಿದ ಅರ್ಧ, ಅಂದರೆ ಕೇಬಲು, ಬೆರಳು, ಕಾನೂನುಗಳ ಮಾತನ್ನು, ಹೇಳಿದೆವು, ಅವನು ಕೇಳಿದನು.

ಕೈಯ ಪಟ್ಟಿ ಬಿಚ್ಚಿದ ವಾರ ಅವನೇ ಅಟ್ಟದ ಹ್ಯಾಂಡಲನ್ನು ಮರಳಿ ಹಾಕಿಸಿದನು. ಕ್ಲಿಪ್-ಆನ್ ಜೊತೆಯನ್ನು ಅದೇ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ್ದಾನೆ. ಎಸೆಯಬೇಕೆಂದು ನಾವು ಹೇಳಲಿಲ್ಲ. ಈಗ ಶುಕ್ರವಾರದ ಸಂಜೆ ತಾಯಿಯನ್ನು ಹಿಂದೆ ಕೂರಿಸಿಕೊಂಡು ಹೂವು ತರಲು ಲೇಕ್ ಮಾರ್ಕೆಟ್ಟಿಗೆ ಹೋಗುತ್ತಾನೆ. ಯಾದವಗಿರಿಯಲ್ಲಿ ಹುಟ್ಟಿದ ಎಂಜಿನ್ನಿನ ಸದ್ದು ಸದರ್ನ್ ಅವೆನ್ಯೂವಿನ ಮರಗಳ ಕೆಳಗೆ ಕೇಳಿಬಂದಾಗ, ನಡೆದಾಡುವ ನಾವು ಒಂದು ಗಳಿಗೆ ನಿಂತು, ಅದು ತಿರುವನ್ನು ದಾಟುವವರೆಗೂ ನೋಡಿ, ಆಮೇಲೆ ಮುಂದಕ್ಕೆ ಹೆಜ್ಜೆಯಿಡುತ್ತೇವೆ.