ಎತ್ತಿಕೊಂಡ ರಾಣಿ, ಹಾಲೂಡಿಸದ ತಾಯಿ: ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ ಚಿತ್ರದ ಆಕರಗಳನ್ನು ಕುರಿತು

ಡ್ರೀಮ್‌ವರ್ಕ್ಸ್ ಸಂಸ್ಥೆ 1998ರ ಡಿಸೆಂಬರ್‌ನಲ್ಲಿ ತೆರೆಗೆ ತಂದ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ ಚಿತ್ರದ ಆಕರಗಳ ಬಗ್ಗೆ ಎರಡು ಅಭಿಪ್ರಾಯಗಳು ಬೇರೂರಿವೆ. ಅದು ಸೆಸಿಲ್ ಬಿ. ಡಿಮಿಲ್‌ನ 1956ರ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಚಿತ್ರವನ್ನೇ ಹಾಡು ಸೇರಿಸಿ, ಗೆರೆಯಲ್ಲಿ ಬಿಡಿಸಿ, ಕುಟುಂಬದ ಪ್ರೇಕ್ಷಕರಿಗೆಂದು ಮೃದುಗೊಳಿಸಿದ ಕೃತಿ ಎಂಬುದು ಮೊದಲನೆಯದು. ಮೂರು ಧರ್ಮದವರನ್ನೂ ಒಲಿಸಿಕೊಳ್ಳಲು ಚಿತ್ರತಂಡ ಮೋಶೆಯ ಬಾಲ್ಯವನ್ನು ಕುರ್‌ಆನಿನ ಕಡೆಗೆ ವಾಲಿಸಿತು ಎಂಬುದು ಎರಡನೆಯದು. ಎರಡೂ ಕೊನೆಗೆ ಬಂದು ನಿಲ್ಲುವುದು ಒಂದೇ ದೃಶ್ಯದ ಮೇಲೆ: ನದಿಯಲ್ಲಿ ತೇಲಿಬಂದ ಬುಟ್ಟಿಯನ್ನು ಎತ್ತಿಕೊಂಡವಳು ಯಾರು? ಬೈಬಲಿನ ವಿಮೋಚನಕಾಂಡದ ಎರಡನೆಯ ಅಧ್ಯಾಯದಲ್ಲಿ ಅವಳು ಫರೋಹನ ಮಗಳು. ಚಿತ್ರದಲ್ಲಿ ಫರೋಹನ ಹೆಂಡತಿ.

ಈ ವ್ಯತ್ಯಾಸವನ್ನು ಗುರುತಿಸಿದವರು ಬಹಳ ಜನ. ಅದನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲರೂ ತಪ್ಪು ದಿಕ್ಕಿಗೆ ನಡೆದಿದ್ದಾರೆಂಬುದು ನನ್ನ ವಾದ. ಬುಟ್ಟಿ ಎತ್ತಿದ ಕೈಯನ್ನೇ ನೋಡುತ್ತ ನಿಂತವರಿಗೆ ಅದೇ ದೃಶ್ಯದಿಂದ ಮಾಯವಾಗಿರುವ ಇನ್ನೊಂದು ಸಂಗತಿ ಕಂಡಿಲ್ಲ.

ಡಿಮಿಲ್ ವಾದದಿಂದ ಆರಂಭಿಸೋಣ. ಅದಕ್ಕೆ ಬಲ ಕೊಟ್ಟಿರುವುದು ಡ್ರೀಮ್‌ವರ್ಕ್ಸ್ ಹುಟ್ಟಿದ ಕಾಲದ ಒಂದು ದಂತಕಥೆ. ಆನಿಮೇಷನ್‌ನಲ್ಲಿ ತಾನು ಎಂಥ ಚಿತ್ರಗಳನ್ನು ಮಾಡಬಯಸುತ್ತೇನೆಂದು ಜೆಫ್ರಿ ಕಾಟ್ಜನ್‌ಬರ್ಗ್ ವಿವರಿಸುತ್ತಿದ್ದಾಗ ಸ್ಟೀವನ್ ಸ್ಪೀಲ್‌ಬರ್ಗ್ ‘ಟೆನ್ ಕಮಾಂಡ್‌ಮೆಂಟ್ಸ್’ ಹೆಸರೆತ್ತಿದರಂತೆ. ಇರಬಹುದು. ಆದರೆ ಒಂದು ಚಿತ್ರ ಯಾವ ಮಾತಿನಿಂದ ಹೊರಟಿತು ಎಂಬುದು ಅದು ಯಾವ ಆಕರಗಳ ಮೇಲೆ ನಿಂತಿದೆ ಎಂಬುದಕ್ಕೆ ಉತ್ತರವಾಗದು. ಡಿಮಿಲ್‌ನ ಚಿತ್ರದಲ್ಲಿ ಮಗುವನ್ನು ಎತ್ತಿಕೊಳ್ಳುವ ಬಿತ್ಯಾ ಮೊದಲನೆಯ ರಾಮ್ಸೆಸ್‌ನ ಮಗಳು, ಸೇತಿಯ ತಂಗಿ, ಮಕ್ಕಳಿಲ್ಲದ ವಿಧವೆ. ಆ ಲೆಕ್ಕದಲ್ಲಿ ಮೋಶೆ ಮತ್ತು ಎರಡನೆಯ ರಾಮ್ಸೆಸ್ ಸೋದರತ್ತೆ, ಸೋದರಮಾವನ ಮಕ್ಕಳಾಗುತ್ತಾರೆ. ಸಿಂಹಾಸನಕ್ಕೂ ಒಬ್ಬಳೇ ಹೆಣ್ಣಿಗೂ ಇಬ್ಬರೂ ಪೈಪೋಟಿಗೆ ಬಿದ್ದವರು. 1998ರ ಚಿತ್ರದಲ್ಲಿ ಪಟ್ಟದ ಪೈಪೋಟಿಯೂ ಇಲ್ಲ, ಹೆಣ್ಣಿನ ಪೈಪೋಟಿಯೂ ಇಲ್ಲ. ರಾಮ್ಸೆಸ್ ಪಟ್ಟಕ್ಕೆ ಬರುವವನೆಂಬುದು ಮೊದಲ ದೃಶ್ಯದಿಂದಲೇ ನಿಶ್ಚಯ. ಇಬ್ಬರು ಹುಡುಗರು ಒಬ್ಬಳೇ ತಾಯಿಯ ಕಣ್ಣೆದುರು ಬೆಳೆಯುತ್ತಾರೆ. ವೈರಿಗಳ ಕತೆಯನ್ನು ಅಣ್ಣತಮ್ಮಂದಿರ ಕತೆಯಾಗಿಸಿದ್ದನ್ನು ಮರುಚಿತ್ರಣ ಎಂದು ಕರೆಯಲು ನನ್ನಿಂದ ಸಾಧ್ಯವಿಲ್ಲ.

(ಡಿಮಿಲ್‌ನನ್ನು ಹಗುರವಾಗಿ ನೋಡುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಅವನ ಸಂಶೋಧಕ ಹೆನ್ರಿ ನೋರ್ಡ್‌ಲಿಂಗರ್ 1956ರಲ್ಲಿ ಪ್ರಕಟಿಸಿದ ‘ಮೋಸಸ್ ಆ್ಯಂಡ್ ಈಜಿಪ್ಟ್’ ಎಂಬ ಗ್ರಂಥ ಒಂದು ಚಲನಚಿತ್ರಕ್ಕಾಗಿ ನಡೆದ ಆಕರಶೋಧನೆಯ ದಾಖಲೆ. ಪ್ರಾಚೀನ ಯೆಹೂದಿ ಲೇಖಕರಾದ ಫೈಲೋ, ಜೋಸೆಫಸ್, ಯೆಹೂದಿ ವ್ಯಾಖ್ಯಾನಗಳಾದ ಮಿದ್ರಾಷ್‌ಗಳಿಂದ ಏನೇನು ತೆಗೆದುಕೊಂಡೆವು ಎಂದು ಇಷ್ಟು ಬಿಚ್ಚುಮನಸ್ಸಿನಿಂದ ಹೇಳಿದ ಸ್ಟುಡಿಯೋಗಳು ವಿರಳ. ಅದನ್ನು ತೆರೆದೂ ನೋಡದೆ ಡಿಮಿಲ್‌ನ ‘ಕಲ್ಪನೆ’ಗಳ ಬಗ್ಗೆ ಬರೆಯುವವರ ಮೇಲೆ ನನಗೆ ತಾಳ್ಮೆಯಿಲ್ಲ. ಬಿತ್ಯಾ ಎಂಬ ಹೆಸರೂ ಅವನು ಕಟ್ಟಿದ್ದಲ್ಲ. ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಫರೋಹನ ಮಗಳೊಬ್ಬಳಿಗೆ ಆ ಹೆಸರಿದೆ. ಯೆಹೂದಿ ಪರಂಪರೆ ಅವಳನ್ನೇ ಮೋಶೆಯ ಸಾಕುತಾಯಿಯೆಂದು ಗುರುತಿಸಿದೆ.)

ಕುರ್‌ಆನ್ ವಾದ ಇದಕ್ಕಿಂತ ಗಟ್ಟಿ, ಆದ್ದರಿಂದ ಹೆಚ್ಚು ಗೌರವಕ್ಕೆ ಅರ್ಹ. ಕುರ್‌ಆನಿನ 28ನೆಯ ಅಧ್ಯಾಯದಲ್ಲಿ ಮಗುವನ್ನು ಕೊಲ್ಲಬೇಡಿರೆಂದು, ಮಗನಾಗಿ ಇಟ್ಟುಕೊಳ್ಳೋಣವೆಂದು ಕೇಳಿಕೊಳ್ಳುವವಳು ಫರೋಹನ ಹೆಂಡತಿಯೇ. ಪರಂಪರೆ ಅವಳನ್ನು ಆಸಿಯಾ ಎಂದು ಕರೆಯುತ್ತದೆ. ಚಿತ್ರ ತಯಾರಾಗುವಾಗ ಯೆಹೂದಿ, ಕ್ರೈಸ್ತ, ಮುಸ್ಲಿಂ ವಿದ್ವಾಂಸರೊಡನೆ ಸಮಾಲೋಚನೆ ನಡೆದದ್ದು ನಿಜ. ಚಿತ್ರದ ಕೊನೆಯಲ್ಲಿ ಧರ್ಮೋಪದೇಶಕಾಂಡ, ಅಪೊಸ್ತಲರ ಕೃತ್ಯಗಳು, ಕುರ್‌ಆನ್ ಮೂರರಿಂದಲೂ ಮೋಶೆಯ ಬಗೆಗಿನ ವಾಕ್ಯಗಳನ್ನು ತೋರಿಸಿರುವುದೂ ನಿಜ. ಈ ಎರಡು ನಿಜಗಳನ್ನು ಕೂಡಿಸಿ, ರಾಣಿ ಆಸಿಯಾಳೇ ಎಂಬ ಮೂರನೆಯ ನಿಜವನ್ನು ಹುಟ್ಟಿಸಲಾಗಿದೆ.

ಆ ಮೂರು ಉಲ್ಲೇಖಗಳನ್ನು ಮೂಲದಲ್ಲಿ ತೆಗೆದು ನೋಡಿದರೆ ಸಾಕು, ವಾದದ ಒಂದು ಕಾಲು ಮುರಿಯುತ್ತದೆ. ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯ, ಅಪೊಸ್ತಲರ ಕೃತ್ಯಗಳ ಏಳನೆಯ ಅಧ್ಯಾಯದಲ್ಲಿ ಸ್ತೆಫನನ ಮಾತು, ಕುರ್‌ಆನಿನ 19ನೆಯ ಅಧ್ಯಾಯದ 51ನೆಯ ವಾಕ್ಯ: ಮೂರೂ ಮೋಶೆಯ ಪ್ರವಾದಿತ್ವ ಮತ್ತು ನಾಯಕತ್ವಕ್ಕೆ ಸಂಬಂಧಿಸಿದವು. ಬಾಲ್ಯದ ಬಗ್ಗೆ ಒಂದರಲ್ಲೂ ಮಾತಿಲ್ಲ. ಅವು ಗೌರವದ ಸೂಚನೆಗಳು. ಕಥನದ ಆಕರವನ್ನು ಹೇಳುವ ಟಿಪ್ಪಣಿಗಳಲ್ಲ. (ಆ ಗೌರವವೂ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ, ಮಲೇಷ್ಯಾ ಮತ್ತು ಮಾಲ್ಡೀವ್ಸ್ ಚಿತ್ರವನ್ನು ನಿಷೇಧಿಸಿದವು.)

ಸಾಕುತಾಯಿ ರಾಜನ ಹೆಂಡತಿಯಾಗುವುದು ಕುರ್‌ಆನಿಗೆ ಮಾತ್ರ ಸೇರಿದ ಲಕ್ಷಣವೂ ಅಲ್ಲ. ಇಲ್ಲಿ ನಾನು ಮುಂದಿಡಬಯಸುವುದು ಈ ಚರ್ಚೆಯಲ್ಲಿ ಅವಗಣನೆಗೆ ಒಳಗಾದ ಆರ್ಟಪಾನಸ್‌ನನ್ನು. ಕ್ರಿಸ್ತಪೂರ್ವದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಈ ಯೆಹೂದಿ ಲೇಖಕನ ಕೃತಿ ನಮಗೆ ಉಳಿದಿರುವುದು ತುಣುಕುಗಳಲ್ಲಿ, ಅದೂ ಯೂಸೆಬಿಯಸ್ ಎಂಬ ಕ್ರೈಸ್ತ ಇತಿಹಾಸಕಾರ ಉದ್ಧರಿಸಿಕೊಂಡದ್ದರಿಂದ. ಅವನ ಕಥನದಲ್ಲಿ ಮೋಶೆಯನ್ನು ಸಾಕಿಕೊಳ್ಳುವವಳು ಮೆರ್ರಿಸ್. ಅವಳು ಪಾಲ್ಮನೋಥೆಸ್ ರಾಜನ ಮಗಳು ಹೌದು. ಮೆಂಫಿಸ್‌ನಿಂದಾಚೆಗಿನ ಪ್ರದೇಶಗಳನ್ನು ಆಳುತ್ತಿದ್ದ ಖೆನೆಫ್ರೆಸ್‌ಗೆ ತಂದೆ ಕೊಟ್ಟ ಹೆಣ್ಣೂ ಹೌದು. ಮಗಳೋ ಹೆಂಡತಿಯೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಅವಳು ಎರಡೂ. ಡ್ರೀಮ್‌ವರ್ಕ್ಸ್‌ನವರು ಆರ್ಟಪಾನಸ್‌ನನ್ನು ಓದಿದ್ದರು ಎಂದು ನಾನು ಹೇಳುತ್ತಿಲ್ಲ; ಹಾಗೆ ಹೇಳಿದರೆ ನಾನು ಖಂಡಿಸುತ್ತಿರುವವರ ದಾರಿಯನ್ನೇ ಹಿಡಿದಂತಾಗುತ್ತದೆ. ಹೋಲಿಕೆಯೊಂದು ಸಿಕ್ಕಿದ ಮಾತ್ರಕ್ಕೆ ಆಕರ ಸಿಕ್ಕಿತೆಂದು ಕುಣಿಯಬಾರದು ಎಂಬುದಕ್ಕೆ ಮೆರ್ರಿಸ್ ಸಾಕ್ಷಿ, ಅಷ್ಟೇ.

ರಾಣಿಯ ಗುರುತಿಗೆ ಇನ್ನೂ ಸರಳವಾದ ವಿವರಣೆ ಇತಿಹಾಸದಲ್ಲೇ ಇದೆ. ಚಿತ್ರ ಫರೋಹನನ್ನು ಸೇತಿ ಎಂದೂ ಅವನ ಮಗನನ್ನು ರಾಮ್ಸೆಸ್ ಎಂದೂ ಕರೆದ ಮೇಲೆ, ಒಂದನೆಯ ಸೇತಿಯ ಪಟ್ಟದರಸಿಯೂ ಎರಡನೆಯ ರಾಮ್ಸೆಸ್‌ನ ತಾಯಿಯೂ ಆದ ತೂಯಾ ತಾನಾಗಿ ಒಳಗೆ ಬರುತ್ತಾಳೆ. ರಾಣಿಯರ ಕಣಿವೆಯಲ್ಲಿ ಅವಳ ಸಮಾಧಿ ಇಂದಿಗೂ ಇದೆ.

ಈಗ ಮುಖ್ಯ ವಿಷಯ. ಹಳೆಯ ಕಥನಗಳಲ್ಲಿ ಮಗುವನ್ನು ಎತ್ತಿಕೊಳ್ಳುವ ಹೆಣ್ಣಿಗೆ ಒಂದು ಗುಣ ಮತ್ತೆ ಮತ್ತೆ ಕಾಣುತ್ತದೆ: ಅವಳಿಗೆ ಮಕ್ಕಳಿಲ್ಲ. ಫೈಲೋ ಹಾಗೆ ಹೇಳುತ್ತಾನೆ, ಜೋಸೆಫಸ್ ಹೇಳುತ್ತಾನೆ, ಆರ್ಟಪಾನಸ್‌ನ ಮೆರ್ರಿಸ್ ಬಂಜೆ. ಕುರ್‌ಆನಿನ ರಾಣಿಯ ಕೋರಿಕೆಯಲ್ಲೂ ಮಗನಿಲ್ಲದವಳ ದನಿ ಕೇಳಿಸುತ್ತದೆ. ಚಿತ್ರದ ರಾಣಿಗೋ ಪುಟ್ಟ ರಾಮ್ಸೆಸ್ ಪಕ್ಕದಲ್ಲೇ ನಿಂತಿದ್ದಾನೆ. ಅವಳು ಮಗುವಿಗೆ ಹಸಿದವಳಲ್ಲ. ಇದ್ದ ಮಗನಿಗೆ ತಮ್ಮನನ್ನು ತಂದುಕೊಡುವವಳು. ಆಸಿಯಾಳಿಂದ ಅವಳನ್ನು ಬೇರ್ಪಡಿಸಲು ಇದೊಂದೇ ಸಾಕು. ಆದರೆ ಇದಕ್ಕಿಂತ ದೊಡ್ಡದು ಹಾಲಿನ ಪ್ರಶ್ನೆ.

ವಿಮೋಚನಕಾಂಡದಲ್ಲಿ ದೂರ ನಿಂತು ನೋಡುತ್ತಿದ್ದ ಅಕ್ಕ ಮುಂದೆ ಬಂದು, ಇಬ್ರಿಯರಲ್ಲಿ ಒಬ್ಬ ದಾದಿಯನ್ನು ಕರೆತರಲೇ ಎಂದು ಕೇಳುತ್ತಾಳೆ. ಕರೆತರುವುದು ಹೆತ್ತ ತಾಯಿಯನ್ನೇ. ಫರೋಹನ ಮಗಳು ಸಂಬಳ ಕೊಟ್ಟು ಮಗುವನ್ನು ಅದರ ತಾಯಿಯ ಕೈಗೇ ಒಪ್ಪಿಸುತ್ತಾಳೆ. ಗಂಡುಕೂಸುಗಳನ್ನು ನದಿಗೆ ಎಸೆಯಿರೆಂದ ಅರಮನೆಯ ಖಜಾನೆಯಿಂದಲೇ ಒಂದು ಕೂಸಿನ ಹಾಲಿಗೆ ಹಣ ಸಂದಾಯವಾಗುತ್ತದೆ. ನನ್ನ ಮಟ್ಟಿಗೆ ಆ ಅಧ್ಯಾಯದ ತಿರುಳೇ ಅದು. ಮುಂದಿನ ಪರಂಪರೆ ಈ ಹಾಲನ್ನು ಎಂದೂ ಕೈಬಿಡಲಿಲ್ಲ. ಜೋಸೆಫಸ್‌ನಲ್ಲಿ ಮಗು ಈಜಿಪ್ಟಿನ ಹೆಂಗಸರ ಮೊಲೆಗೆ ಬಾಯಿಡದೆ ಮುಖ ತಿರುಗಿಸುತ್ತದೆ. ಯೆಹೂದಿ ಧರ್ಮಗ್ರಂಥ ತಾಲ್ಮೂದಿನ ಸೋಟಾ ಭಾಗ ಅದಕ್ಕೆ ಕಾರಣವನ್ನೂ ಕೊಡುತ್ತದೆ: ದೇವರೊಡನೆ ಮಾತಾಡಲಿರುವ ಬಾಯಿ ಕಂಡಕಂಡ ಹಾಲನ್ನು ಕುಡಿಯಬಾರದು. ಕುರ್‌ಆನಿನಲ್ಲಿ ದೇವರೇ ಮಗುವಿಗೆ ಬೇರೆ ದಾದಿಯರ ಹಾಲನ್ನು ನಿಷೇಧಿಸಿ, ತಾಯಿಯ ಕಣ್ಣು ತಂಪಾಗಲೆಂದು ಅವಳಲ್ಲಿಗೇ ಮರಳಿಸುತ್ತಾನೆ. ಅಪರೂಪಕ್ಕೆ ಬೈಬಲ್, ಜೋಸೆಫಸ್, ತಾಲ್ಮೂದ್, ಕುರ್‌ಆನ್ ನಾಲ್ಕೂ ಒಂದೇ ಮಾತನ್ನು ಆಡುವ ಜಾಗ ಇದು.

ಚಿತ್ರ ತೆಗೆದುಹಾಕಿದ್ದು ಇದನ್ನೇ. ಹೆತ್ತ ತಾಯಿ ಯೋಕೆಬೆದ್ ಬುಟ್ಟಿಯನ್ನು ನೀರಿಗೆ ಬಿಡುತ್ತಾಳೆ. ಮಗನನ್ನು ಅವಳು ಮತ್ತೆ ಮುಟ್ಟುವುದಿಲ್ಲ. ಅಕ್ಕ ಮಿರ್ಯಾಮ್ ಅರಮನೆಯ ನೀರಂಚಿನವರೆಗೂ ಹಿಂಬಾಲಿಸಿ, ನೋಡಿ, ಮರೆಯಲ್ಲೇ ಉಳಿಯುತ್ತಾಳೆ. ಮೂರು ಧರ್ಮಗಳನ್ನು ಕೂಡಿಸಲು ರಾಣಿಯನ್ನು ತಂದರು ಎನ್ನುವವರು ಇದಕ್ಕೆ ಉತ್ತರ ಕೊಡಬೇಕು: ಕೂಡಿಸುವುದೇ ಗುರಿಯಾಗಿದ್ದರೆ, ಮೂರೂ ಆಗಲೇ ಕೂಡಿಕೊಂಡಿದ್ದ ಪ್ರಸಂಗವನ್ನು ಯಾಕೆ ಕತ್ತರಿಸಿದರು?

ಉತ್ತರ ಆಕರಗಳಲ್ಲಿ ಸಿಗದು, ಚಿತ್ರದ ಕಟ್ಟಡದಲ್ಲಿದೆ. ತಾಯಿಯ ಹಾಲು ಕುಡಿದು ಬೆಳೆದ ಮೋಶೆಗೆ ತಾನು ಯಾರೆಂದು ಗೊತ್ತಿರುತ್ತದೆ; ವಿಮೋಚನಕಾಂಡದಲ್ಲಿ ಅವನು ದೊಡ್ಡವನಾದ ಮೇಲೆ ತನ್ನ ಜನರ ಬಳಿಗೆ ಹೋಗುತ್ತಾನೆ, ಯಾರೂ ಅವನಿಗೆ ಗುಟ್ಟು ಹೇಳಬೇಕಾಗಿಲ್ಲ. ಚಿತ್ರಕ್ಕೆ ಬೇಕಾದದ್ದು ಏನೂ ಅರಿಯದ ಮೋಶೆ. ಅರಿಯದವನನ್ನು ಇದಕ್ಕೂ ಮೊದಲೇ ಡಿಮಿಲ್ ತೆರೆಗೆ ತಂದಿದ್ದ ಎಂಬುದನ್ನು ಒಪ್ಪುತ್ತೇನೆ. ಅವನ ಚಿತ್ರವೂ ಹಾಲೂಡಿಸುವುದನ್ನು ತೋರಿಸುವುದಿಲ್ಲ. ಅಲ್ಲಿ ಮೋಶೆಯ ಹುಟ್ಟನ್ನು ಬಯಲಿಗೆಳೆಯುವ ಅಭಿಜ್ಞಾನ ಅವನ ಕುಲವಾದ ಲೇವಿಯರ ಬಟ್ಟೆಯ ಒಂದು ತುಂಡು: ಕಣ್ಣಿಗೆ ಕಾಣುವ, ಬಚ್ಚಿಡಬಹುದಾದ, ನ್ಯಾಯಾಲಯದಲ್ಲೂ ನಿಲ್ಲುವ ಸಾಕ್ಷ್ಯ. 1998ರ ಚಿತ್ರದಲ್ಲಿ ಅಭಿಜ್ಞಾನ ಒಂದು ಜೋಗುಳ.

ಬುಟ್ಟಿಯನ್ನು ನೀರಿಗೆ ಬಿಡುವ ಮುನ್ನ ಯೋಕೆಬೆದ್ ಜೋಗುಳ ಹಾಡುತ್ತಾಳೆ. ವರ್ಷಗಳ ನಂತರ ಬಾವಿಯ ಬಳಿ ಮಿರ್ಯಾಮ್ ಎಷ್ಟು ಹೇಳಿದರೂ ನಂಬದ ರಾಜಕುಮಾರ ಅದೇ ಜೋಗುಳದ ಎಳೆ ಕೇಳಿದೊಡನೆ ತತ್ತರಿಸಿ ಓಡುತ್ತಾನೆ. ಹಾಲು ಮಾಡಬೇಕಾಗಿದ್ದ ಕೆಲಸವನ್ನು ಹಾಡು ಮಾಡುತ್ತದೆ. ಸ್ಟೀಫನ್ ಶ್ವಾರ್ಟ್ಜ್‌ನ ಗೀತೆಗಳನ್ನು ಕತೆಗೆ ಅಂಟಿಸಿದ ಅಲಂಕಾರ ಎನ್ನುವವರು ಈ ಕೀಲನ್ನು ನೋಡಿಲ್ಲ. ನಿರ್ಮಾಪಕರಿಗೆ ಇದರ ಅರಿವಿತ್ತು ಎಂಬುದಕ್ಕೆ ಚಿತ್ರದ ಹೊರಗಿನ ಪುರಾವೆಯೂ ಇದೆ. ಯೋಕೆಬೆದ್‌ಗೆ ಹಾಡಿದವರು ಯೆಮೆನ್ ಮೂಲದ ಯೆಹೂದಿ ಕುಟುಂಬದ ಇಸ್ರೇಲಿ ಗಾಯಕಿ ಓಫ್ರಾ ಹಾಜಾ. ಹಲವು ಭಾಷೆಗಳ ಡಬ್ಬಿಂಗ್‌ನಲ್ಲಿ ಉಳಿದ ಪಾತ್ರಗಳ ದನಿ ಬದಲಾದರೂ ಆ ಭಾಗವನ್ನು ಅವರೇ ಮತ್ತೆ ಮತ್ತೆ ಹಾಡಿದರು. ಬಾವಿಯ ಬಳಿ ಮಿರ್ಯಾಮ್‌ಳ ಜೋಗುಳವಾಗಿ ಕೇಳಿಬರುವುದು ಚಿತ್ರದ ಮೂವರು ನಿರ್ದೇಶಕರಲ್ಲಿ ಒಬ್ಬರಾದ ಬ್ರೆಂಡಾ ಚಾಪ್‌ಮನ್ ಅವರ ದನಿ. ತಾತ್ಕಾಲಿಕವೆಂದು ಮುದ್ರಿಸಿಕೊಂಡ ಅವರ ಹಾಡನ್ನೇ ಕೊನೆಗೆ ಉಳಿಸಿಕೊಂಡರು. ಒಂದು ಎಳೆಯ ಹಾಡಿಗೆ ಇಷ್ಟು ಕಾಳಜಿ ವಹಿಸಿದ್ದು ಆಕಸ್ಮಿಕವೆಂದು ನಾನು ನಂಬಲಾರೆ.

ಹೀಗೆ ನೋಡಿದಾಗ ರಾಣಿಯ ಸ್ಥಾನವೂ ಬೆಳಗುತ್ತದೆ. ಜೋಗುಳ ಕೇಳಿದ ರಾತ್ರಿ ಮೋಶೆಗೆ ಬೀಳುವ ಕನಸು ಗೋಡೆಚಿತ್ರದ ರೂಪದಲ್ಲಿದೆ: ಚಪ್ಪಟೆ ಆಕೃತಿಗಳು ಗೋಡೆಯ ಮೇಲೆಯೇ ಚಲಿಸುತ್ತವೆ, ಸೈನಿಕರು ಕೂಸುಗಳನ್ನು ಕಸಿಯುತ್ತಾರೆ, ಮೊಸಳೆಗಳು ಬಾಯಿ ತೆರೆಯುತ್ತವೆ. ಎಚ್ಚೆತ್ತು ಹೋಗಿ ನೋಡಿದರೆ ಅರಮನೆಯ ಗೋಡೆಯ ಮೇಲೆ ಆ ಹತ್ಯೆ ನಿಜವಾಗಿಯೂ ಚಿತ್ರಿತವಾಗಿದೆ. ನಟರನ್ನು ಇಟ್ಟುಕೊಂಡು ತೆಗೆದ ಯಾವ ಬೈಬಲ್ ಚಿತ್ರಕ್ಕೂ ದಕ್ಕದ ಸಾಧನೆ ಇದು. ಆಳುವವರ ದಾಖಲೆಯೇ ಆಳಿಸಿಕೊಂಡವರ ಸಾಕ್ಷಿಯಾಗುತ್ತದೆ, ಅದೂ ಗೆರೆಯ ಮೂಲಕ. ಬಳಿಕ ಸೇತಿ ತನ್ನ ಆಜ್ಞೆಯನ್ನು ಸಮರ್ಥಿಸಿಕೊಳ್ಳುತ್ತಾನೆ. ರಾಣಿ ನದಿಯಂಚಿನಲ್ಲಿ ಮೋಶೆಯನ್ನು ಸಂತೈಸುತ್ತ, ಅವನು ಮೊದಲು ಹಾಡಿದ ಅರಮನೆಯ ಹಾಡನ್ನು ತನ್ನ ಬಾಯಲ್ಲಿ ಹಾಡುತ್ತಾಳೆ. ಹೆತ್ತವಳ ಹಾಡಿಗೆ ಸಾಕಿದವಳ ಹಾಡು ಎದುರು ನಿಲ್ಲುತ್ತದೆ. ಈ ಎದುರುನಿಲ್ಲುವಿಕೆಗೆ ಬೇಕಾದದ್ದು ತಾಯಿ; ರಾಜಕುಮಾರಿ ಸಾಲದು. ರಾಣಿ ಬಂದದ್ದು ಅದಕ್ಕೆ.

ಕನ್ನಡದ ಓದುಗರಿಗೆ ಇಲ್ಲಿ ಕರ್ಣ ನೆನಪಾಗುವುದು ಸಹಜ. ಮನೋವಿಶ್ಲೇಷಕ ಆಟೊ ರ‍್ಯಾಂಕ್ 1909ರಷ್ಟು ಹಿಂದೆಯೇ ವೀರರ ಜನನಕಥೆಗಳ ಒಂದೇ ಪಟ್ಟಿಯಲ್ಲಿ ಕರ್ಣನನ್ನೂ ಮೋಶೆಯನ್ನೂ ಇಟ್ಟಿದ್ದ. ಆದರೆ ಕರ್ಣ ಅರಮನೆಯಿಂದ ಸೂತನ ಮನೆಗೆ ತೇಲಿದವನು, ಮೋಶೆ ಗುಲಾಮರ ಮನೆಯಿಂದ ಅರಮನೆಗೆ. ಆ ಪಟ್ಟಿಯಲ್ಲಿ ಮೋಶೆ ಹೊರತಾಗಿ ನಿಲ್ಲುತ್ತಾನೆಂದು ಫ್ರಾಯ್ಡ್ ಗಮನಿಸಿದ್ದು ಇದನ್ನೇ. ಹುಟ್ಟಿನ ಗುಟ್ಟು ತಿಳಿದಾಗ ಒಬ್ಬನಿಗೆ ಸಿಗುವುದು ಇನ್ನೊಬ್ಬನಿಗೆ ಕಳೆದುಹೋಗುತ್ತದೆ.

ಬದಲಾವಣೆಗೆ ತೆತ್ತ ಬೆಲೆಯನ್ನೂ ಹೇಳಬೇಕು. ವಿಮೋಚನಕಾಂಡದ ಆರಂಭ ಅಪ್ಪಣೆ ಮೀರಿದ ಹೆಂಗಸರದು. ಸೂಲಗಿತ್ತಿಯರಾದ ಶಿಫ್ರಾ, ಪೂಗಾ ರಾಜಾಜ್ಞೆಯನ್ನು ಪಾಲಿಸುವುದಿಲ್ಲ. ಫರೋಹನ ಮಗಳು ಅದು ಇಬ್ರಿಯರ ಕೂಸೆಂದು ಗುರುತಿಸಿಯೇ ಎತ್ತಿಕೊಳ್ಳುತ್ತಾಳೆ. ಚಿತ್ರದಲ್ಲಿ ಸೂಲಗಿತ್ತಿಯರಿಲ್ಲ. ರಾಣಿಯ ಒಲವು ದೊಡ್ಡದಾದರೂ ಗಂಡನ ಆಜ್ಞೆಯ ವಿರುದ್ಧ ಅವಳು ಒಂದು ಮಾತನ್ನೂ ಆಡುವುದಿಲ್ಲ. ಮೋಶೆ ಮಿದ್ಯಾನಿನಿಂದ ಮರಳಿ ಬರುವ ಹೊತ್ತಿಗೆ ಅವಳು ಕತೆಯಲ್ಲೇ ಇಲ್ಲ. ಆನಿಮೇಷನ್ ಚರಿತ್ರೆಯ ಅತ್ಯುತ್ತಮ ಕೃತಿಗಳಲ್ಲಿ ಇದನ್ನು ಎಣಿಸುವ ನನಗೂ ಈ ನಷ್ಟ ಸಣ್ಣದೆನಿಸುವುದಿಲ್ಲ.

ಕೊನೆಗೊಂದು ಆಕ್ಷೇಪ ಉಳಿಯುತ್ತದೆ: ಮಕ್ಕಳು ನೋಡುವ ಹಾಡಿನ ಚಿತ್ರಗಳಲ್ಲಿ ಇದೆಲ್ಲ ರೂಢಿ, ಸ್ಟುಡಿಯೋ ಯಾವ ಬೈಬಲ್ ಕತೆಯನ್ನು ಎತ್ತಿಕೊಂಡರೂ ಹೀಗೇ ಮಾಡುತ್ತಿತ್ತು ಎಂಬುದು. ರೂಢಿ ಎಂದರೆ ಯಾವುದು? 1981ರ ಜಪಾನಿ ಧಾರಾವಾಹಿ ‘ಸೂಪರ್‌ಬುಕ್’, ಹಾನಾ–ಬಾರ್ಬೆರಾ ಸಂಸ್ಥೆಯ ‘ದಿ ಗ್ರೇಟೆಸ್ಟ್ ಅಡ್ವೆಂಚರ್’ ಸರಣಿ ಎರಡರಲ್ಲೂ ಇಂದಿನ ಕಾಲದ ಎಳೆಯರು ಬೈಬಲ್ ಕಾಲಕ್ಕೆ ಹೋಗಿ ಕಣ್ಣಾರೆ ನೋಡುತ್ತಾರೆ. ಆ ರೂಢಿಯನ್ನು ಈ ಚಿತ್ರ ಮುಟ್ಟಲೇ ಇಲ್ಲ. ಸ್ಟುಡಿಯೋ ಅಭ್ಯಾಸದ ಮಾತಿಗೆ ಡ್ರೀಮ್‌ವರ್ಕ್ಸ್‌ನ ಎರಡನೆಯ ಬೈಬಲ್ ಚಿತ್ರವೇ ಉತ್ತರ. ನೇರವಾಗಿ ವಿಡಿಯೊದಲ್ಲಿ 2000ದಲ್ಲಿ ಬಂದ ‘ಜೋಸೆಫ್: ಕಿಂಗ್ ಆಫ್ ಡ್ರೀಮ್ಸ್’ ಕೂಡ ಗುರುತಿನ ಕತೆ, ಅದರಲ್ಲೂ ಹಾಡುಗಳಿವೆ. ಆದರೆ ಅಲ್ಲಿ ಯೋಸೇಫ ಅಣ್ಣಂದಿರನ್ನು ಪರೀಕ್ಷಿಸುವುದು ಆದಿಕಾಂಡದಲ್ಲಿರುವಂತೆ ಬೆನ್ಯಾಮೀನನ ಚೀಲದಲ್ಲಿ ಪಾನಪಾತ್ರೆಯನ್ನು ಬಚ್ಚಿಡಿಸಿಯೇ. ಮೂಲದಲ್ಲಿದ್ದ ವಸ್ತು ಅಲ್ಲಿ ತನ್ನ ಜಾಗದಲ್ಲೇ ಉಳಿದಿದೆ.