ಬರದ ಮುಟ್ಟು

ಹೆಂಗಸಿಗೆ ಮುಟ್ಟು ನಿಂತರೆ ನಮ್ಮ ಊರುಗಳಲ್ಲಿ ಕೇಳುವುದು ಒಂದೇ ಪ್ರಶ್ನೆ. ಗಂಡನಿದ್ದವಳಾದರೆ ‘ಏನವ್ವಾ, ಎಷ್ಟು ತಿಂಗಳು?’ ಅಂತ ನಗುತ್ತಾರೆ. ಗಂಡ ಸತ್ತವಳೋ ಮದುವೆಯಾಗದ ಹುಡುಗಿಯೋ ಆದರೆ ಅದೇ ಪ್ರಶ್ನೆ ಪಂಚಾಯ್ತಿ ಕಟ್ಟೆ ಹತ್ತುತ್ತದೆ. ‘ಹೊಟ್ಟೆಗೆ ಏನು ತಿಂದೆ ತಾಯಿ?’ ಎಂದು ಕೇಳಿದವರು ಕಡಿಮೆ. ಮುಟ್ಟಾದರೆ ಮೈಲಿಗೆ, ನಿಂತರೆ ಗುಮಾನಿ.

ಚರಿತ್ರೆ ಬರೆದವರೂ ಈ ವಿಷಯದಲ್ಲಿ ಊರವರಿಗಿಂತ ಜಾಣರಾಗಿರಲಿಲ್ಲ. ಪಟ್ಟಾಭಿಷೇಕ ಬರೆದರು, ಯುದ್ಧ ಬರೆದರು, ದತ್ತಿ ಶಾಸನ ಬರೆದರು. ಬರಗಾಲ ಹೆಂಗಸರ ಮೈಮೇಲೆ ಏನು ಬರೆಯಿತು ಅಂತ ಓದಲು ಹೋದವರು ಬಹಳ ಕಾಲ ಯಾರೂ ಇರಲಿಲ್ಲ. 1969ರಲ್ಲಿ ಫ್ರಾನ್ಸಿನ ಚರಿತ್ರೆಕಾರ ಎಮ್ಯಾನುಯೆಲ್ ಲ ರುವಾ ಲದೂರಿ ಬರಗಾಲದಲ್ಲಿ ಮುಟ್ಟು ನಿಲ್ಲುವುದರ ಬಗ್ಗೆಯೇ ಒಂದು ಪ್ರಬಂಧ ಬರೆದ. 17ನೇ ಶತಮಾನದ ಚರ್ಚಿನ ದಸ್ತರುಗಳಲ್ಲಿ ಒಂದು ವಿಚಿತ್ರ ಕಾಣುತ್ತಿತ್ತು. ಧಾನ್ಯದ ಬೆಲೆ ಏರಿದಾಗ ಸಾವು ಏರುತ್ತದೆ, ಬಸಿರು ಇಳಿಯುತ್ತದೆ. ಜನ ಸಂಯಮದಿಂದ ಇದ್ದರೇ? ದೇವರಿಗೆ ಹೆದರಿದರೇ? ಅಲ್ಲ, ಹಸಿದ ಹೆಂಗಸರ ಮೈಯೇ ಬಸಿರಿಗೆ ಬಾಗಿಲು ಹಾಕಿಕೊಂಡಿರಬೇಕು ಎಂಬುದು ಅವನ ವಾದ.

ನಮ್ಮಲ್ಲಿಗೆ ಬನ್ನಿ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರದ ಬರ. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಬಳ್ಳಾರಿ ಮದರಾಸಿಗೆ ಸೇರಿತ್ತು, ಧಾರವಾಡ ಕಲಾದಗಿಗಳು ಮುಂಬಯಿಗೆ. 1871ರ ಜನಗಣತಿಯಲ್ಲಿ ಮೈಸೂರಿನ ಜನ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಬೆಳೆಯಬೇಕಾದ ಹತ್ತು ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆ! ಇದನ್ನು ಹೇಳುವಾಗಲೆಲ್ಲ ಸತ್ತವರನ್ನು ನೆನೆಯುತ್ತೇವೆ. ನೆನೆಯಬೇಕಾದ್ದೇ. ಆದರೆ ಈ ಖಾಲಿ ಜಾಗದಲ್ಲಿ ಹುಟ್ಟದೇ ಹೋದವರೂ ಇದ್ದಾರೆ.

1877ರಲ್ಲಿ ಸರ್ಕಾರ ಕಳಿಸಿದ ರಿಚರ್ಡ್ ಟೆಂಪಲ್ ಸಾಹೇಬ ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಿಷ್ಟು ಪುಡಿಗಾಸು ಸಾಕೆಂದ. ಒಂದು ಪೌಂಡ್ ಅಂದರೆ ಅರ್ಧ ಕೆಜಿಗೂ ಕಡಿಮೆ. ಅಷ್ಟರಲ್ಲಿ ಮಣ್ಣು ಅಗೆಯಬೇಕು, ಕಲ್ಲು ಒಡೆಯಬೇಕು. ಮದರಾಸಿನ ನೈರ್ಮಲ್ಯ ಕಮಿಷನರ್ ಆಗಿದ್ದ ಡಾಕ್ಟರ್ ಕಾರ್ನಿಷ್ ಇದು ಜೀವ ಹಿಡಿಯುವ ಕೂಳಲ್ಲ ಎಂದು ತಕರಾರು ತೆಗೆದ. ಅದೇ ಬಿಸಿಲಿನಲ್ಲಿ ಹೆಂಗಸರೂ ಬುಟ್ಟಿ ಹೊತ್ತರು. 1878ರಲ್ಲಿ ಮದರಾಸು ಸೀಮೆಯ ಹುಟ್ಟಿನ ದಾಖಲೆಗಳು ಪಾತಾಳಕ್ಕಿಳಿದವು.

ಟಿಮ್ ಡೈಸನ್ ಎಂಬ ಜನಸಂಖ್ಯಾ ಶಾಸ್ತ್ರಜ್ಞ ನಮ್ಮ ದೇಶದ ಬರಗಳ ಹುಟ್ಟು-ಸಾವಿನ ಲೆಕ್ಕವನ್ನು ತಿಂಗಳು ತಿಂಗಳು ಹಿಡಿದು ನೋಡಿ 1991ರಲ್ಲಿ ಬರೆದ. ಸಾವು ತುದಿ ಮುಟ್ಟುವ ಮುಂಚೆಯೇ ಬಸಿರು ನಿಲ್ಲುವುದು ಶುರುವಾಗಿರುತ್ತದೆ. ಅಂದರೆ ಬರ ಬಂತೆಂದು ಕಲೆಕ್ಟರ ಕಾಗದ ಒಪ್ಪುವ ಹೊತ್ತಿಗೆ ಹೆಂಗಸರ ಮೈ ಅದನ್ನು ಒಪ್ಪಿ ಆಗಿರುತ್ತದೆ. ಎಲ್ಲವನ್ನೂ ಮುಟ್ಟಿನ ಲೆಕ್ಕಕ್ಕೇ ಹಾಕುವುದೂ ಸರಿಯಲ್ಲ. ಗಂಡ ಗುಳೆ ಹೋಗಿರುತ್ತಾನೆ, ಗರ್ಭ ಇಳಿದುಹೋಗಿರುತ್ತದೆ, ಜ್ವರ ಬಡಿದಿರುತ್ತದೆ. ಆ ಹೆಂಗಸರನ್ನು ಆಗ ಯಾರೂ ಕೇಳಲಿಲ್ಲವಾದ್ದರಿಂದ ಯಾವುದು ಎಷ್ಟು ಅಂತ ಬಿಡಿಸಿ ಹೇಳುವಂತಿಲ್ಲ.

ಕೇಳಿದ್ದು ಯುರೋಪಿನಲ್ಲಿ, ಬಿಳಿಯ ಹೆಂಗಸರು ಹಸಿದಾಗ. 1944-45ರ ಚಳಿಗಾಲದಲ್ಲಿ ಜರ್ಮನರು ಹಾಲೆಂಡಿನ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ತಡೆದರು. ಪಡಿತರ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಅಲ್ಲಿನ ವೈದ್ಯರು ಎಷ್ಟೋ ಹೆಂಗಸರಿಗೆ ಮುಟ್ಟು ನಿಂತದ್ದನ್ನು ಬರೆದಿಟ್ಟರು. ಒಂಬತ್ತು ತಿಂಗಳಾದ ಮೇಲೆ ಹುಟ್ಟುವ ಕೂಸುಗಳು ಸುಮಾರು ಅರ್ಧಕ್ಕಿಳಿದವು. ಊಟ ಮರಳಿ ಬಂದ ಮೇಲೆ ಮುಟ್ಟೂ ಮರಳಿತು, ಕೂಸುಗಳೂ ಬಂದವು. ಮುತ್ತಿಗೆಯಲ್ಲಿದ್ದ ಲೆನಿನ್‌ಗ್ರಾಡಿನಲ್ಲಿ, ದಿನಕ್ಕೆ 125 ಗ್ರಾಂ ರೊಟ್ಟಿಯ ಮೇಲೆ ಜನ ಬದುಕಿದ ಕಾಲದಲ್ಲೂ, ಇದೇ ಕತೆ. ನಾಜಿಗಳ ಸೆರೆಶಿಬಿರಗಳಲ್ಲಂತೂ ಬಹಳ ಹೆಂಗಸರಿಗೆ ಹೋದ ಕೂಡಲೇ, ಮೈ ಸೊರಗುವ ಮುನ್ನವೇ, ಮುಟ್ಟು ನಿಂತಿತು. ಗಂಜಿಯಲ್ಲಿ ಏನೋ ಪುಡಿ ಬೆರೆಸುತ್ತಾರೆ ಎಂದು ಅವರು ನಂಬಿದ್ದರು. ಭಯವೊಂದೇ ಅಷ್ಟು ಮಾಡಬಲ್ಲದು.

ಇದು ಹೇಗೆ ಅಂದರೆ, ಮುಟ್ಟಿನ ಹಗ್ಗ ಗರ್ಭಕೋಶದಲ್ಲಿಲ್ಲ, ತಲೆಯಲ್ಲಿದೆ. ಮೆದುಳಿನ ಬುಡದ ಹೈಪೊಥಲಮಸ್ ಎಂಬ ಭಾಗ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಅದು ಅಂಡಾಶಯಕ್ಕೆ. ಮೈಗೆ ಬರುವ ಕೂಳು, ಮೈ ಮಾಡುವ ದುಡಿಮೆ, ಇವೆರಡರ ಲೆಕ್ಕ ಮೆದುಳಿಗೆ ಗೊತ್ತಾಗುತ್ತದೆ. ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಎಂಬ ರಸ ಈ ಸುದ್ದಿ ಒಯ್ಯುವವುಗಳಲ್ಲಿ ಒಂದು. ಅದು ಪತ್ತೆಯಾದದ್ದು 1994ರಲ್ಲಿ. ಕೂಳು ಕಡಿಮೆ, ದುಡಿಮೆ ಹೆಚ್ಚು ಅಂತಾದರೆ ಸೂಚನೆ ನಿಲ್ಲುತ್ತದೆ, ಅಂಡ ಬಿಡುಗಡೆಯಾಗುವುದಿಲ್ಲ.

ಹಾಗಂತ ನಿಂತದ್ದೆಲ್ಲ ಹಸಿವಿನಿಂದಲೇ ಅಲ್ಲ. ಮೊದಲು ನೋಡಬೇಕಾದ್ದು ಬಸಿರನ್ನೇ. ಹಿಂದೆ ಅದಕ್ಕೆ ಇಲಿಮರಿಗೆ ಮೂತ್ರ ಚುಚ್ಚಿ ಕಾಯಬೇಕಿತ್ತು. ಇವತ್ತು ಆಶಾ ಕಾರ್ಯಕರ್ತೆಯ ಚೀಲದಲ್ಲೇ ‘ನಿಶ್ಚಯ’ ಪಟ್ಟಿ ಇರುತ್ತದೆ. ಬಾಣಂತಿಗೆ ಹಾಲೂಡಿಸುವಾಗ ಮುಟ್ಟು ನಿಂತಿರುತ್ತದೆ; ಆದರೆ ಮುಟ್ಟಿಗಿಂತ ಮುಂಚೆ ಅಂಡ ಬರುವುದರಿಂದ ಮುಟ್ಟು ಕಾಣದೆಯೂ ಬಸಿರಾಗಬಹುದು. ಥೈರಾಯಿಡ್ ಇರಬಹುದು, ಅಂಡಾಶಯದ ತೊಂದರೆ ಇರಬಹುದು. ಇನ್ನೊಂದನ್ನು ಒತ್ತಿ ಹೇಳಬೇಕು: ಕ್ಷಯ. ಅದು ಎದೆಗೂಡಿಗೆ ಮಾತ್ರ ಬರುವ ರೋಗವಲ್ಲ, ಗರ್ಭಕೋಶಕ್ಕೂ ಇಳಿಯುತ್ತದೆ, ಕೆಮ್ಮಿಲ್ಲದೆ ಮುಟ್ಟು ನಿಲ್ಲಿಸುತ್ತದೆ. ಎಷ್ಟೋ ಹೆಂಗಸರು ಅದರಿಂದಲೇ ‘ಬಂಜೆ’ ಅನ್ನಿಸಿಕೊಂಡು ತವರಿಗೆ ಅಟ್ಟಿಸಿಕೊಂಡಿದ್ದಾರೆ. ಬಸಿರಲ್ಲ ಅಂತ ಗೊತ್ತಾಗಿಯೂ ಮೂರು ತಿಂಗಳು ಮುಟ್ಟು ಬಾರದಿದ್ದರೆ ಮಂತ್ರ ಹಾಕಿಸುವುದಲ್ಲ, ದವಾಖಾನೆಗೆ ಹೋಗಬೇಕು.

ಬರ ನಿಲ್ಲಿಸಿದ್ದನ್ನು ಈಗ ಚಾಕು ನಿಲ್ಲಿಸುತ್ತಿದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಕರ್ನಾಟಕಕ್ಕೂ ಕಬ್ಬು ಕಡಿಯಲು ಬರುವ ಗಂಡಹೆಂಡತಿಯರನ್ನು ಜೋಡಿಯಾಗಿ ಲೆಕ್ಕ ಹಿಡಿಯುತ್ತಾರೆ. ಒಂದು ದಿನ ತಪ್ಪಿದರೆ ದಂಡ. ತಿಂಗಳಿಗೆ ಮೂರು ದಿನ ಹೊಟ್ಟೆ ಹಿಡಿದು ಕೂರುವವಳಿಗೆ ಆ ದಂಡ ಎಲ್ಲಿಂದ ತರಬೇಕು? 2019ರಲ್ಲಿ ಅಲ್ಲಿನ ಸರ್ಕಾರದ ಸಮಿತಿ ಬೀಡ್ ಜಿಲ್ಲೆಯ 82,309 ಕಬ್ಬಿನಾಳು ಹೆಂಗಸರನ್ನು ವಿಚಾರಿಸಿತು. 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ನಮ್ಮ ಕಲಬುರಗಿಯ ತಾಂಡಾಗಳ ಲಂಬಾಣಿ ಹೆಂಗಸರಿಗೂ ದಲಿತ ಹೆಂಗಸರಿಗೂ ಬೇಡದ ಆಪರೇಷನ್ ಆದದ್ದು 2015ರಲ್ಲಿ ಹೊರಬಿತ್ತು. ಇಲ್ಲಿ ನೆಪ ಬೇರೆ: ಬಿಳಿ ಮುಟ್ಟು, ಹೊಟ್ಟೆನೋವು, ‘ಬಿಟ್ಟರೆ ಕ್ಯಾನ್ಸರ್ ಆಗ್ತದೆ’ ಎಂಬ ಹೆದರಿಕೆ.

ಗರ್ಭಕೋಶದ ಜೊತೆ ಅಂಡಾಶಯವನ್ನೂ ಕಿತ್ತರೆ ಮೂವತ್ತರ ಹೆಂಗಸಿಗೆ ಐವತ್ತರ ಮೈ ಬರುತ್ತದೆ. ಬೆವರು, ಉರಿ, ನಿದ್ದೆಗೇಡು, ಸವೆಯುವ ಮೂಳೆ. ಆ ಮೂಳೆಯ ಮೇಲೆಯೇ ಮರು ಹಂಗಾಮಿನ ಕಬ್ಬಿನ ಹೊರೆ ಏರುತ್ತದೆ.